ಚಿಗವ್ವ ಕಡೆದ ಹದಿನಾಲ್ಕು ಗುಳಿ

ಆ ಸಾಹೇಬರ ಮೇಲಿನ ಸಿಟ್ಟು ಈ ವಯಸ್ಸಿನಲ್ಲೂ ನನಗೆ ಇಳಿದಿಲ್ಲ.

ನಿಜಾಮರ ಕಾಲ. ನನಗಾಗ ಹತ್ತೋ ಹನ್ನೊಂದೋ ವರ್ಷ. ನಮ್ಮೂರು ಸೇಡಂ ಕಡೆಯದು, ಕಾಗಿಣಾ ಹೊಳೆಯ ದಂಡೆಯ ಮೇಲೆ. ಅಲ್ಲೊಂದು ಹಾಳು ಕೋಟೆಯಿತ್ತು. ನನ್ನವ್ವನ ತಂಗಿ, ಚಿಗವ್ವ, ಅದೇ ಊರಲ್ಲಿದ್ದಳು. ಅವಳ ಗಂಡ ಶಹಾಬಾದಿನ ಗಣಿಯಲ್ಲಿ ಕಲ್ಲು ಕಡಿಯುತ್ತಿದ್ದ. ಕಟ್ಟಿಗೆಯ ಅಳಗುಳಿಮಣೆಗೆ ಗೆದ್ದಲು ಹತ್ತಿತೆಂದು ಚಿಗವ್ವ ಒಂದು ಶ್ರಾವಣದಲ್ಲಿ ಗಂಡನದೇ ಉಳಿ ಸುತ್ತಿಗೆ ಹಿಡಿದು, ಅವನು ತಂದಿದ್ದ ಹಾಸುಗಲ್ಲಿನಲ್ಲಿ ಎರಡು ಸಾಲು, ಏಳೇಳು ಗುಳಿ ಕಡೆದಳು. ಅದನ್ನು ಕೋಟೆ ಬಾಗಿಲ ನೆರಳಿನಲ್ಲಿಟ್ಟು, ಹೊಲದ ಕೆಲಸವಿಲ್ಲದ ಮಧ್ಯಾಹ್ನ ಹೆಂಗಸರೆಲ್ಲ ಆಡುತ್ತಿದ್ದರು.

ಮರುವರ್ಷ ಹೈದರಾಬಾದಿನಿಂದ ಹಳೆಯ ಕಲ್ಲು ಹುಡುಕುವ ಸಾಹೇಬರೊಬ್ಬರು ಬಂದರು. ಆ ಕಲ್ಲನ್ನು ಕಂಡವರೇ ಉರ್ದುವಿನಲ್ಲಿ ಏನೋ ಉದ್ಗರಿಸಿದರು. ಜೊತೆಗಿದ್ದ ಊರ ಗೌಡರು ನಮಗೆ ತಿಳಿಸಿದರು: "ಇದು ಸಾವಿರ ವರ್ಷದ್ದಂತ. ಹಿಂದಿನ ರಾಣಿಗೋಳು ಆಡಿದ್ದಂತ."

ಚಿಗವ್ವ ನಕ್ಕಳು. "ಹೋದ ಶ್ರಾವಣದಾಗ ನಾನೇ ಕಡದೀನ್ರಿ, ಗೌಡ್ರ. ಸಾಹೇಬ್ರಿಗಿ ಹೇಳ್ರಿ."

ಗೌಡರು ಹೇಳಿದರು. ಈಗ ಸಾಹೇಬರು ನಕ್ಕರು. "ಹೆಂಗಸ್ರು ಎಲ್ಲ್ಯಾರ ಕಲ್ಲು ಕಡೀತಾರೇನು ಅನ್ನಾಕತ್ತಾರ" ಎಂದರು ಗೌಡರು.

ಉಳಿ ಜಾರಿ ಸೀಳಿದ್ದ ಗುಳಿಯ ಅಂಚನ್ನೂ, ಅದೇ ಉಳಿ ಕೊಯ್ದಿದ್ದ ತನ್ನ ಹೆಬ್ಬೆರಳನ್ನೂ ಚಿಗವ್ವ ತೋರಿಸಿದಳು. ಸಾಹೇಬರು ಬೆರಳಿನತ್ತ ನೋಡಲೂ ಇಲ್ಲ. ಆಟ ಹೇಗೆಂದು ಮಾತ್ರ ಕೇಳಿದರು. ಗುಳಿಗೆ ಐದೈದು ಹುಣಸೆ ಬೀಜ ಹಾಕುವುದು, ಒಂದು ಗುಳಿಯವನ್ನು ಎತ್ತಿ ಮುಂದಿನವಕ್ಕೆ ಒಂದೊಂದೇ ಬಿತ್ತುತ್ತ ಹೋಗುವುದು, ಕೈ ಬರಿದಾದಾಗ ಮುಂದಿನ ಗುಳಿ ಎತ್ತುವುದು, ಅದು ಖಾಲಿಯಿದ್ದರೆ ಅದರಾಚೆಯದನ್ನು ಗೆಲ್ಲುವುದು. ಅವಳು ಆಡಿ ತೋರಿಸಿದ್ದನ್ನೆಲ್ಲ ಬರೆದುಕೊಂಡರು. ರಾಣಿಯರ ಆಟ ಕಲಿಸಲು ಚಿಗವ್ವ ಬೇಕಿತ್ತು. ನಾನೇ ಕಡೆದೆ ಎಂದರೆ ಮಾತ್ರ ಅವಳು ಸುಳ್ಳಿ!

ಕಲ್ಲು ಎತ್ತಿನ ಬಂಡಿ ಏರಿತು. ಚಿಗವ್ವ ಅಡ್ಡ ನಿಂತಳು. "ಒಯ್ದರ ಒಯ್ರಿ. ನಾ ಕಡದೀನಂತ ಬರೀರಿ."

"ಸರಿ ಆಕಡಿ, ಹುಚ್ಚೇನು ನಿನಗ!" ಎಂದು ಗದರಿದ ಗೌಡರು ಆಳಿನಿಂದ ಅವಳನ್ನು ಪಕ್ಕಕ್ಕೆ ಎಳೆಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಹಳೆಯ ಕೋಟೆ ಕೆಡುತ್ತದೆ, ಹೆಂಗಸರು ಅಲ್ಲಿ ಕೂರಬಾರದು ಎಂದು ಸಾಹೇಬರು ಗೌಡರ ಕೈಲಿ ಡಂಗುರ ಸಾರಿಸಿದರು. ಗಂಡಸರ ಇಸ್ಪೀಟು ಅದೇ ನೆರಳಿನಲ್ಲಿ ನಡೆದೇ ಇತ್ತು.

ಒಂದು ವಾರ ಕಳೆಯಿತು. ಆಮೇಲೊಂದು ಮಧ್ಯಾಹ್ನ ಚಿಗವ್ವ, ಕಳೆ ತೆಗೆಯುವ ಖುರಪಿಯಿಂದ ತನ್ನ ಅಂಗಳದ ನೆಲದಲ್ಲೇ ಗುಳಿ ತೋಡಿ ನಮ್ಮನ್ನೆಲ್ಲ ಕೂಗಿದಳು.

"ಬರ್ರಿ, ಕುಂದ್ರಿ. ಈ ನೆಲಾ ಯಾರು ಬಂಡ್ಯಾಗ ಹೇರ್ತಾರ ನೋಡೂಣು."

ಮೊದಲ ಆಟದಲ್ಲೇ ನನ್ನನ್ನು ಒಂದು ಬೀಜವೂ ಉಳಿಯದಂತೆ ಸೋಲಿಸಿದಳು. ಸಿಟ್ಟು ಇನ್ನೂ ಅವಳ ಕೈಯಲ್ಲಿತ್ತು.