ಉಪದೇಶಿ ಯಾಂಪಿಸ್ ಮಾವ

ಪಸ್ತಾಸ ನದಿಯ ದಡದ ನಮ್ಮ ಅಚುವಾರ್ ಜನರಲ್ಲಿ ಈಗ ಊರಿಗೊಬ್ಬ ಉಪದೇಶಿ ಇದ್ದೇ ಇರುತ್ತಾನೆ. ನಮ್ಮೂರಿಗೆ ಯಾಂಪಿಸ್ ಮಾವ. ಎಂಥ ಸೆಕೆಯಲ್ಲೂ ಅವನ ಬಿಳಿ ಅಂಗಿಯ ಕೊರಳ ಗುಂಡಿ ಬಿಚ್ಚುವುದಿಲ್ಲ, ವಿಮಾನದಲ್ಲಿ ಬಂದ ಪರದೇಶದ ಪಾದ್ರಿ ಕೊಟ್ಟ ಅಂಗಿಯಲ್ಲವೇ! ಬೆಳಗಾದರೆ ಮನೆಮನೆಯ ಮರಗೆಣಸಿನ ಅಂಬಲಿ ಗಡಿಗೆಗೆ ಮೂಗಿಟ್ಟು, "ಏನಮ್ಮಾ, ಇದು ನಿನ್ನೇದೋ, ಮೊನ್ನೇದೋ?" ಎನ್ನುತ್ತಾನೆ. ಹುಳಿ ಬಂದು ಅಮಲೇರಿದ್ದರೆ ಪಾಪ, ಸಿಹಿಯಿದ್ದರೆ ಎರಡು ಬಟ್ಟಲು. ಹೆಂಗಸರೇನು ಕಡಿಮೆಯೇ, ಸಿಹಿಯದನ್ನು ಮುಂದಿಟ್ಟು ಹುಳಿಯದನ್ನು ಬಾಳೆಲೆಯಡಿ ಬಚ್ಚಿಡುತ್ತಾರೆ. ಕೀರ್ತನೆಯಲ್ಲಿ ಯಾರದಾದರೂ ರಾಗ ತಪ್ಪಿದರೆ ಕೈಯೆತ್ತಿ "ಮತ್ತೊಮ್ಮೆ!" ಎಂದು ಮೊದಲಿನಿಂದ ಹಾಡಿಸುತ್ತಾನೆ, ನೆರೆಯ ನೀರು ಮೊಣಕಾಲಿಗೆ ಬಂದ ಭಾನುವಾರವೂ ಬಿಡಲಿಲ್ಲ. ತೋಟದಲ್ಲಿ ಹೆಂಗಸರು ಮರಗೆಣಸು ಚೆನ್ನಾಗಿ ಗೆಡ್ಡೆ ಕಟ್ಟಲೆಂದು ಗಿಡಗಳಿಗೆ ಹಾಡುತ್ತಿದ್ದ, ತಾಯಿ ಮಗಳಿಗಷ್ಟೇ ಕಲಿಸುತ್ತಿದ್ದ ಗುಟ್ಟಿನ ಹಾಡುಗಳನ್ನು ಪಾಪವೆಂದು ಬಿಡಿಸಿದವನೂ ಅವನೇ. ಮೊನ್ನೆ ಅದೇ ಮಾವ ಹೊಸದಾಗಿ ಮದುವೆಯಾದ ಮಗಳನ್ನು ಕರೆದುಕೊಂಡು ನನ್ನ ಅಜ್ಜಿ ಸುವಾಳ ತೋಟಕ್ಕೆ ಬಂದ. ಮಗಳ ಮೊದಲ ತೋಟದಲ್ಲಿ ಗೆಡ್ಡೆಯೇ ಕಟ್ಟಿರಲಿಲ್ಲ. "ಅತ್ತೆ, ಇವಳಮ್ಮ ಏನೂ ಕಲಿಸದೇ ಹೋಗ್ಬಿಟ್ಳು. ಒಂದೇ ಒಂದು ಹಾಡು ಹೇಳ್ಕೊಡು," ಎಂದ. "ಬಿಡಿಸಿದೋನೇ ಬಂದು ಕೇಳ್ತೀಯಲ್ಲೋ!" ಎಂದು ಗದರಿದರೂ ಅಜ್ಜಿ ಗಿಡದ ಬುಡದಲ್ಲಿ ಕೂತು, ಕಣ್ಣು ಮುಚ್ಚಿ, ಮೂವತ್ತು ವರ್ಷದ ಹಿಂದಿನ ಹಾಡನ್ನು ಎತ್ತಿಕೊಂಡಳು. ಎರಡನೆಯ ಸಾಲಿಗೇ ಅದು ಭಾನುವಾರದ ಕೀರ್ತನೆಯಾಗಿಬಿಟ್ಟಿತು. ರಾಗ ಎಲ್ಲೂ ತಪ್ಪಿರಲಿಲ್ಲ. ಮಾವ ತಲೆ ತಗ್ಗಿಸಿ, ಬೇಡುವವನ ಹಾಗೆ, "ಮತ್ತೊಮ್ಮೆ, ಅತ್ತೆ," ಎಂದ.