ಕತ್ತಲ ನಕ್ಷೆಯೊಳಗಿನ ಕೂಗು

ಈ ವಯಸ್ಸಿನಲ್ಲಿ ಆಟ ಆಡುತ್ತೀರಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹೌದು, ಆಡುತ್ತೇನೆ. ಭಾನುವಾರ ಮಧ್ಯಾಹ್ನ, ಉಂಡ ತಾಟು ತೊಳೆದಿಟ್ಟು, ಯಲಬುರ್ಗಾದ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲು ತೆರೆದಿಟ್ಟುಕೊಂಡೇ ಆಡುತ್ತೇನೆ. ಕದ್ದು ಮುಚ್ಚಿ ಮಾಡುವಂಥದ್ದು ಅದರಲ್ಲಿ ಏನೂ ಇಲ್ಲ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ, ನಲವತ್ತರ ಹತ್ತಿರ ಬಂದವಳು, ಮದುವೆಯಾಗದವಳು. ವಾರವಿಡೀ ಕುರ್ಚಿಯಲ್ಲಿ ಕೂತು ಮಂದಿಯ ಮಾತು ಕೇಳುವುದೇ ನನ್ನ ಕೆಲಸ. ಒಂದು ಮಧ್ಯಾಹ್ನ ನನ್ನ ಮಾತನ್ನು ಇಬ್ಬರು ಕೇಳಲಿ ಎಂದರೆ ಅದೇನು ದೊಡ್ಡ ಆಸೆಯಲ್ಲ.

ನನ್ನ ಅಣ್ಣನ ತಲೆಗೆ ಮಾತ್ರ ಇದು ಹೋಗಲೇ ಇಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿ ಇರುವವರು. ನಾನು ಲ್ಯಾಪ್‌ಟಾಪ್ ತೆರೆದು ಕೂತದ್ದನ್ನು ನೋಡಿ ಒಂದು ದಿನ ಬಾಗಿಲಲ್ಲೇ ನಿಂತ.

"ಸಣ್ಣ ಹುಡುಗರಂಗ ಏನ್ ಆಟ ಹಚ್ಚೀಯವಾ? ಮಂದಿ ಏನಂದಾರು?"

"ನೀ ಕಟ್ಟಿ ಮ್ಯಾಲೆ ಕುಂತು ಹೊತ್ತು ಮುಳುಗೂತನಾ ಇಸ್ಪೀಟ್ ಎಲಿ ಒಗೀತೀಯಲ್ಲಣ್ಣ, ಅದಕ್ಕ ಮಂದಿ ಏನಂತಾರ?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಕಟ್ಟೆಗೆ ಹೋದ. 

ಈ ಆಟ ಶುರುವಾದದ್ದು ಕೊಪ್ಪಳದ ಹಾಸ್ಟೆಲ್ಲಿನಲ್ಲಿ, ನಾವು ಮೂವರು ಡಿಗ್ರಿ ಓದುವಾಗ. ಒಬ್ಬಳು ಕಥೆ ಹೇಳುತ್ತಾಳೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗುತ್ತಾರೆ. ಈಗ ಏನು ಮಾಡುತ್ತೀ ಎಂದು ಕಥೆ ಹೇಳುವವಳು ಕೇಳಬೇಕು, ಅವರು ತಮ್ಮ ಪಾತ್ರದ ಬಾಯಲ್ಲೇ ಉತ್ತರ ಕೊಡಬೇಕು, ಅದು ಕೈಗೂಡಿತೋ ಇಲ್ಲವೋ ಎನ್ನುವುದನ್ನು ದಾಳ ತೀರ್ಮಾನಿಸಬೇಕು. ಬೇರೆ ದೇಶದವರು ಇದನ್ನು ಮೇಜಿನ ಮೇಲೆ ನಕ್ಷೆ ಹರಡಿ, ಬಣ್ಣದ ಗೊಂಬೆ ಇಟ್ಟು, ಹತ್ತಾರು ಮುಖದ ದಾಳ ಉರುಳಿಸಿ ಆಡುತ್ತಾರಂತೆ. ನಮಗೆ ಮೇಜು ಎಲ್ಲಿತ್ತು? ನೆಲದ ಮೇಲೆ ಸೀಮೆಸುಣ್ಣದ ನಕ್ಷೆ, ಕಲ್ಲಿಗೆ ತಿಕ್ಕಿ ಎರಡು ಹೋಳು ಮಾಡಿದ ಹುಣಸೆ ಬೀಜಗಳೇ, ನಮ್ಮ ಮಾತಿನಲ್ಲಿ ಪಿಕ್ಕಗಳೇ, ದಾಳ. ಬಿಳಿ ಮುಖ ಹೆಚ್ಚು ಮೇಲೆ ಬಿದ್ದರೆ ಗೆದ್ದಂತೆ.

ಮೂವರಲ್ಲಿ ತಳಕಲ್ಲಿನವಳೊಬ್ಬಳಿದ್ದಳು. ಆಟದಲ್ಲಿ ಅವಳು ಯಾವಾಗಲೂ ದರೋಡೆಗಾರ್ತಿಯೇ. ಬೇರೆ ಪಾತ್ರ ಕೊಟ್ಟರೆ ಮುನಿಸಿಕೊಂಡು ಹೋಗಿ ಮಲಗುತ್ತಿದ್ದಳು. ಅವಳು ಕುದುರೆ ಏರಿ ಅಬ್ಬರಿಸಿದಳೆಂದರೆ ಕೆಳಗಿನ ಮಹಡಿಯಿಂದ ವಾರ್ಡನ್ ಏದುಸಿರು ಬಿಡುತ್ತ ಬರುತ್ತಿದ್ದರು. "ಕುದುರಿ ಇಳದು ನಡಕೊಂತ ಹೋಗವಾ, ಮಂದಿ ಓದಾಕತ್ತಾರ" ಅನ್ನುತ್ತಿದ್ದರು. ಆ ಧ್ವನಿ ಅವಳಿಗೆ ಸುಮ್ಮನೆ ಬಂದದ್ದಲ್ಲ. ಅವಳ ಊರ ಕಡೆ ಜೋಳ ಆಳೆತ್ತರ ಬೆಳೆಯುತ್ತದೆ. ಹೊಲಕ್ಕೆ ಬುತ್ತಿ ಒಯ್ದವರು ಒಳಗೆ ಕೆಲಸ ಮಾಡುವವರನ್ನು ಕಣ್ಣಿಂದ ಹುಡುಕಲಾರರು. ಬದುವಿನ ಮೇಲೆ ನಿಂತು ಕೂಗಬೇಕು, ಒಳಗಿನವರು ಓಗೊಡಬೇಕು. ಪ್ರತಿ ಮನೆಗೂ ತನ್ನದೇ ಒಂದು ಕೂಗು. ಇವಳ ಮನೆಯದು ತಗ್ಗಿನಲ್ಲಿ ಶುರುವಾಗಿ, ಮೇಲೇರಿ, ಕೊನೆಗೆ ಒಂಚೂರು ಬಾಗುತ್ತಿತ್ತು. ಚಿಕ್ಕಂದಿನಿಂದ ಬುತ್ತಿ ಹೊತ್ತವಳು ಅವಳೇ.

ಆಮೇಲೆ ಅವಳನ್ನು ಗಂಗಾವತಿಗೆ ಕೊಟ್ಟರು. ಅಕ್ಕಿ ವ್ಯಾಪಾರದ ದೊಡ್ಡ ಮನೆತನ. ಕೆಟ್ಟವರಲ್ಲ, ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಆದರೆ ಆ ಮನೆಯಲ್ಲಿ ಸೊಸೆಯ ಧ್ವನಿ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಯಾರೂ ಹಾಗೆಂದು ಹೇಳಿದ್ದಿಲ್ಲ. ಹೊಸತರಲ್ಲಿ ಒಮ್ಮೆ ಜೋರಾಗಿ ನಕ್ಕಾಗ ಅತ್ತೆ ತಿರುಗಿ ನೋಡಿದರಂತೆ, ಅಷ್ಟೇ. ಅಷ್ಟು ಸಾಕಾಯಿತು. ಫೋನ್ ಮಾಡಿದರೆ "ಹ್ಞೂಂ", "ಆತು", "ಆಮ್ಯಾಲೆ ಹಚ್ಚತೀನಿ" ಎನ್ನುವುದೇ ಅವಳ ಮಾತಾಯಿತು. ಅದೂ ಪಿಸುಗುಟ್ಟಿದ ಹಾಗೆ. ಅವಳ ಮಗಳು ಹೈಸ್ಕೂಲಿಗೆ ಬರುವಷ್ಟರಲ್ಲಿ ನಾನು ಅವಳ ನಿಜವಾದ ಧ್ವನಿ ಕೇಳಿ ಎಷ್ಟು ಕಾಲವಾಗಿತ್ತೋ. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯದೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ನನಗೆ ಆ ಕುದುರೆ ಏರಿದವಳು ಬೇಕಾಗಿದ್ದಳು. ಅದಕ್ಕೇ ನಾನು ಈ ಕಂಪ್ಯೂಟರ್ ಆಟದ ಬೆನ್ನು ಹತ್ತಿದ್ದು.

ಮೂವರೂ ಒಂದೆಡೆ ಸೇರುವುದು ಆಗದ ಮಾತು. ಮೂರನೆಯವಳು ಕುಷ್ಟಗಿ ತಾಲ್ಲೂಕಿನ ಹನುಮಸಾಗರದಲ್ಲಿ ಶಾಲಾ ಟೀಚರ್. ನಾನು ಇಲ್ಲಿ, ಅವಳು ಅಲ್ಲಿ, ಇವಳು ಗಂಗಾವತಿಯ ಹೊಸ್ತಿಲೊಳಗೆ. ಆದರೆ ಮೇಜಿನ ಮೇಲಿನ ನಕ್ಷೆ, ಗೊಂಬೆ, ದಾಳ ಎಲ್ಲವನ್ನೂ ಪರದೆಯ ಮೇಲೆ ತಂದುಕೊಡುವ ತಂತ್ರಾಂಶಗಳಿವೆ, ಊರೂರಿನಲ್ಲಿ ಕೂತವರು ಒಂದೇ ನಕ್ಷೆಯ ಮೇಲೆ ಆಡಬಹುದು ಎಂದು ಎಲ್ಲೋ ಓದಿದೆ. ಅದನ್ನು ಕಲಿಯಲೆಂದು, ಕನ್ನಡದಲ್ಲೇ ಆಡುತ್ತೇವೆ ಎಂದು ಹಾಕಿಕೊಂಡಿದ್ದ ಆನ್‌ಲೈನ್ ಗುಂಪೊಂದನ್ನು ಸೇರಿದೆ. ಕಥೆ ಹೇಳುವವನು ಯಾವುದೋ ದೊಡ್ಡ ಊರಿನ ಹುಡುಗ. ನನಗೆ ರಾಣಿಯ ಪಾತ್ರ ಕೊಟ್ಟ. ಶತ್ರುಗಳು ಬಂದರು, ನನ್ನ ರಾಣಿ ಬಾಯಿ ತೆಗೆದಳು.

"ನಮ್ಮ ಸೀಮಿ ದಾಟಿ ಯಾಕ ಬಂದ್ರಿ? ಸುಮ್ನ ದಂಡು ತಿರುಗಿಸ್ಕೊಂಡು ಹೋಗ್ರಿ."

ಎಲ್ಲರೂ ನಕ್ಕರು. ಹುಡುಗ ಬಹಳ ನಯವಾಗಿ, "ಮೇಡಂ, ಸ್ವಲ್ಪ ಸರಿಯಾದ ಕನ್ನಡದಲ್ಲಿ ಹೇಳಿ. ರಾಣಿ ಅಲ್ವಾ?" ಅಂದ.

"ರಾಣಿ ಯಾವೂರಾಕಿ ಅಂತ ನೀವು ಹೇಳಿದ್ದಿಲ್ರಿ. ನಮ್ಮ ಕಡಿಯಾಕಿ ಅದಾಳ," ಅಂದೆ.

ರಾಣಿ ಆವತ್ತೇ ರಾಜ್ಯ ಬಿಟ್ಟು ಎದ್ದುಬಂದಳು. ತಂತ್ರಾಂಶ ಹೇಗೆ ನಡೆಯುತ್ತದೆ ಎನ್ನುವುದನ್ನು ಮಾತ್ರ ಸರಿಯಾಗಿ ನೋಡಿಕೊಂಡೇ ಬಂದಳು.

ಒಂದು ತಂತ್ರಾಂಶ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆಯುವಷ್ಟರಲ್ಲಿ ಚಹಾ ಕುಡಿದು ಕಪ್ಪು ತೊಳೆದಿಟ್ಟು ಬರಬಹುದಾಗಿತ್ತು. ಇನ್ನೊಂದು ಚುರುಕಾಗಿತ್ತು, ಪುಕ್ಕಟೆ ನಕ್ಷೆಗಳನ್ನೂ ಕೊಡುತ್ತಿತ್ತು. ನೋಡಿದರೆ ಹಿಮದ ಬೆಟ್ಟ, ಕಲ್ಲಿನ ಅರಮನೆ, ಹೆಂಡದಂಗಡಿ, ಬೆಂಕಿ ಉಗುಳುವ ಹಾವಿನಂಥ ಪ್ರಾಣಿ. ಹಿಮವನ್ನು ಫ್ರಿಜ್ಜಿನೊಳಗೆ ಬಿಟ್ಟು ಬೇರೆಲ್ಲೂ ಕಾಣದವರು ನಾವು. ಕರಿನೆಲ ಎಲ್ಲೂ ಇರಲಿಲ್ಲ, ಜೋಳದ ಹೊಲ ಇರಲಿಲ್ಲ, ಬೋಳುಗುಡ್ಡ ಇರಲಿಲ್ಲ. ಇರದಿದ್ದರೆ ಅಷ್ಟೇ ಹೋಯಿತು, ನನಗೆ ಕೈ ಇಲ್ಲವೇ? ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಸ್ಕೆಚ್ ಪೆನ್ನಿನಿಂದ ನಾನೇ ಬರೆದೆ. ಒಂದು ಊರು, ಊರಿಗೊಂದು ಬಾವಿ, ಆಚೆ ಜೋಳದ ಹೊಲ, ಹೊಲದಾಚೆ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಕೋಟೆ. ಅಂಗಳದಲ್ಲಿ ಹಾಸಿ ಫೋನಿನಿಂದ ಫೋಟೋ ಹೊಡೆದು ತಂತ್ರಾಂಶಕ್ಕೆ ಏರಿಸಿದೆ. ನನ್ನ ತಲೆಯ ನೆರಳು ನಡುವೆ ಬಿದ್ದಿತ್ತು. ಅದನ್ನು ಕೆರೆ ಎಂದು ಕರೆದುಬಿಟ್ಟೆ.

ಮೊದಲ ಆಟದ ಭಾನುವಾರ ಟೀಚರ್ ಮಾಳಿಗೆ ಏರಿ ಕೂತಿದ್ದಳು, ನೆಟ್‌ವರ್ಕ್ ಅಲ್ಲಿ ಮಾತ್ರ ಸಿಗುತ್ತಿತ್ತು. ಗಂಗಾವತಿಯವಳು ಮಗಳ ಲ್ಯಾಪ್‌ಟಾಪ್ ತೆಗೆದುಕೊಂಡು ಅಕ್ಕಿ ಚೀಲ ಇಡುವ ಕೋಣೆ ಸೇರಿದ್ದಳು. ಮಾತಿಗೆಂದು ಫೋನಿನಲ್ಲಿ ಮೂವರ ಕರೆ ಹಚ್ಚಿಕೊಂಡಿದ್ದೆವು. ಆದರೆ ಅವಳು ಮೈಕ್ ಮುಚ್ಚಿಕೊಂಡು, ಹೇಳಬೇಕಾದದ್ದನ್ನೆಲ್ಲ ಪರದೆಯ ಮೇಲೆ ಟೈಪ್ ಮಾಡುತ್ತೇನೆ ಎಂದು ಬರೆದಳು. ಪಕ್ಕದ ಪಡಸಾಲೆಯಲ್ಲಿ ಅತ್ತೆ ಮಾವ ಟಿವಿ ನೋಡುತ್ತಿದ್ದಾರಂತೆ. ಆಗಲಿ ಎಂದೆ. ಬಂದಳಲ್ಲ, ಅದೇ ದೊಡ್ಡದು.

ಕಥೆ ಇಷ್ಟು: ಊರ ಬಾವಿಗೆ ದೊರೆ ಬೀಗ ಜಡಿದಿದ್ದಾನೆ. ಕೀಲಿಕೈ ಗುಡ್ಡದ ಮೇಲಿನ ಕೋಟೆಯಲ್ಲಿದೆ. ಒಬ್ಬ ದರೋಡೆಗಾರ್ತಿ, ಒಬ್ಬ ಪುಕ್ಕಲು ವೈದ್ಯೆ, ಇಬ್ಬರೂ ರಾತ್ರಿ ಜೋಳದ ಹೊಲ ದಾಟಿ ಹೋಗಿ ಅದನ್ನು ತರಬೇಕು. ವೈದ್ಯೆ ನಮ್ಮ ಟೀಚರ್. ಇಬ್ಬರಿಗೂ ನಕ್ಷೆಯ ಮೇಲೆ ಒಂದೊಂದು ದುಂಡನೆಯ ಬಿಲ್ಲೆ.

"ಬರೇ ಕರ್ರಗ ಐತಲ್ಲೇ, ಏನೂ ಕಾಣವಲ್ದು," ಅಂದಳು ಟೀಚರ್.

"ರಾತ್ರಿ ಐತಿ ಅಂದ್ನೆಲ್ಲ," ಅಂದೆ.

"ಹೌದೌದು. ಟಿಸಿ ಸುಟ್ಟಿರಬೇಕು ತಗೋ," ಅಂದಳು.

ಬೇರೆ ಕಡೆಯವರಾಗಿದ್ದರೆ ತಂತ್ರಾಂಶ ಕೆಟ್ಟಿದೆ ಎಂದು ಗದ್ದಲ ಮಾಡುತ್ತಿದ್ದರು. ನಮ್ಮ ಕಡೆ ಕತ್ತಲಾಯಿತೆಂದರೆ ಮೊದಲು ನೆನಪಾಗುವುದೇ ಊರ ಕರೆಂಟಿನ ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿ. ಅದು ಸುಟ್ಟರೆ ರಿಪೇರಿ ಆಗುವ ತನಕ ಯಾರೂ ಕೇಳುವುದಿಲ್ಲ, ಕೆಲಸ ನಡೆದೇ ಇರುತ್ತದೆ. ಹಾಗೇ ಆಟವೂ ನಡೆಯಿತು. ಕಥೆ ಹೇಳುವವಳ ಪರದೆಯಲ್ಲಿ ಎಲ್ಲವೂ ಕಾಣುತ್ತದೆ, ಹಾಗಾಗಿ ಅವರಿಬ್ಬರ ಪರದೆ ಪೂರಾ ಕಪ್ಪಾಗಿದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಕತ್ತಲಲ್ಲಿ ತಡಕಾಡುವುದನ್ನು ಎಷ್ಟು ಚೆನ್ನಾಗಿ ನಟಿಸುತ್ತಿದ್ದಾರೆ ಎಂದುಕೊಂಡೆ. ವೈದ್ಯೆಯ ಬಿಲ್ಲೆ ನನ್ನ ತಲೆಯ ಕೆರೆಯೊಳಗೆ ಹೊಕ್ಕು ಈಚೆ ಬಂತು. ದರೋಡೆಗಾರ್ತಿಯ ಬಿಲ್ಲೆ ಬದುವಿನ ಉದ್ದಕ್ಕೂ ಒಬ್ಬಂಟಿಯಾಗಿ ಓಡಾಡುತ್ತಿತ್ತು.

ಆಗ ನಾನು ಕಾವಲಿನ ನಾಯಿಗಳನ್ನು ಹೊಲಕ್ಕೆ ಬಿಟ್ಟೆ. ತಂತ್ರಾಂಶದ ದಾಳ ನಮಗೆ ಒಗ್ಗಿರಲಿಲ್ಲ, ಟೀಚರ್ ತನ್ನ ಹುಣಸೆ ಪಿಕ್ಕಗಳನ್ನೇ ಎಸೆದಳು. ಎಲ್ಲವೂ ಕರಿ ಮುಖವೇ ಬಿದ್ದವು ಎಂದು ತಾನೇ ಹೇಳಿದಳು. ಎಸೆದದ್ದನ್ನು ಯಾರೂ ನೋಡುವುದಿಲ್ಲ, ಆದರೂ ನಮ್ಮಲ್ಲಿ ಸುಳ್ಳು ಹೇಳುವವರಿಲ್ಲ. ವೈದ್ಯೆ ಕಾಲು ತಿರುಚಿ ಜೋಳದೊಳಗೆ ಬಿದ್ದಳು. ಮುಂದಿನ ಪಾಳಿಯಲ್ಲಿ ದರೋಡೆಗಾರ್ತಿ ಅವಳನ್ನು ಮುಟ್ಟದಿದ್ದರೆ ನಾಯಿಗಳು ಮುಟ್ಟುತ್ತವೆ.

ಪರದೆಯ ಮೇಲೆ ಅಕ್ಷರ ಮೂಡಿತು. "ನಾನು ಇಲ್ಲಿದ್ದೇನೆ. ನೀನು ಎಲ್ಲಿದ್ದೀ?"

"ಏನ್ ಬರದೀಯೋ ನನಗ ಕಾಣವಲ್ದಲೇ," ಎಂದು ಟೀಚರ್ ಕಿರುಚಿದಳು. "ಮಾಳಿಗಿ ಮ್ಯಾಲೆ ಬಿಸಲು ಸುಡಾಕತ್ತೈತಿ, ಅಕ್ಷರ ಹೊಳೀವಲ್ದು. ಬಾಯಿ ಬಿಟ್ಟು ಹೇಳಲೇ!"

ಅಕ್ಷರ ಮತ್ತೆ ಮೂಡಿತು, ಈ ಸಲ ನನಗೆ. "ನೀನೇ ಓದಿ ಹೇಳು."

ಹೇಳಬಹುದಾಗಿತ್ತು. ಒಂದು ಮಾತಿನ ಕೆಲಸ. ಆದರೆ ಆವತ್ತು ನನಗೂ ಹಟ ಬಂದಿತ್ತು. ಇಷ್ಟು ವರ್ಷ ಅವಳ ಮಾತನ್ನು ಬೇರೆಯವರು ಹೇಳಿದ್ದು ಸಾಕು.

"ಹೇಳಂಗಿಲ್ಲ," ಅಂದೆ. "ಜ್ವಾಳ ಆಳೆತ್ತರ ಐತಿ, ಕತ್ತಲ ಐತಿ. ಹೊಲದಾಗ ಯಾರೂ ಟೈಪ್ ಮಾಡೂದಿಲ್ಲ. ಕೂಗಿದ್ರ ಸಿಗತಾಳ, ಇಲ್ಲಂದ್ರ ಇಲ್ಲ. ನಿನ್ನ ಪಾಳಿ ಐತಿ. ನಾ ಕಾಯತೀನಿ."

ಟೀಚರಿನ ಮಾಳಿಗೆಯ ಮೇಲೆ ಕಾಗೆ ಕೂಗುತ್ತಿತ್ತು. ಅತಿಯಾಯಿತೇ, ಕರೆ ಕತ್ತರಿಸಿ ಹೊರಟುಹೋಗುತ್ತಾಳೆಯೇ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೋದರೆ ಮತ್ತೆ ಬರುವವಳಲ್ಲ. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಮೈಕ್ ತೆರೆದ ಸದ್ದಾಯಿತು. ಮೊದಲು ಟಿವಿಯ ಧಾರಾವಾಹಿಯ ಗದ್ದಲ ಕೇಳಿತು. ಆಮೇಲೆ ಅವಳು ಕೂಗಿದಳು.

ತಗ್ಗಿನಲ್ಲಿ ಶುರುವಾಗಿ, ಮೇಲೇರಿ, ಕೊನೆಗೆ ಬಾಗಿದ ಅದೇ ಕೂಗು. ಫೋನು ಅದನ್ನು ತಡೆದುಕೊಳ್ಳಲಾರದೆ ಕರಕರ ಎಂದಿತು. ನಮ್ಮ ಪಡಸಾಲೆಯಲ್ಲಿ ಮಲಗಿದ್ದ ಅಣ್ಣ ಎದ್ದು ಕೂತ. ಟೀಚರ್ ಅಳುತ್ತಲೋ ನಗುತ್ತಲೋ ಮಾಳಿಗೆಯ ಮೇಲಿಂದ ಓಗೊಟ್ಟಳು. ಹನುಮಸಾಗರದ ಮಂದಿ ಏನೆಂದುಕೊಂಡರೋ ಗೊತ್ತಿಲ್ಲ.

ಗಂಗಾವತಿಯಲ್ಲಿ ಟಿವಿ ನಿಂತಿತು. ಕೋಣೆಯ ಬಾಗಿಲು ಧಡಕ್ಕನೆ ತೆರೆದದ್ದು ನಮಗೆ ಕೇಳಿಸಿತು. "ಏನಾತವಾ? ಯಾರಿಗೇನಾತು?" ಅತ್ತೆಯ ಗಾಬರಿಯ ದನಿ. ಹಿಂದೆ ಮಾವನ ಕೆಮ್ಮು.

"ಯಾರಿಗೂ ಏನೂ ಆಗಿಲ್ರಿ ಅತ್ತಿ. ಆಟ ಆಡಾಕತ್ತೀನ್ರಿ."

"ಆಟ?"

"ಹೌದ್ರಿ. ಈಗ ನನ್ನ ಪಾಳಿ ಐತಿ. ಮುಗಿಸಿ ಬರ್ತೀನ್ರಿ."

ಬಾಗಿಲು ಮತ್ತೆ ಮುಚ್ಚಿದ ಸದ್ದು ಬರಲಿಲ್ಲ. ಅವಳೂ ಮೈಕ್ ಮುಚ್ಚಲಿಲ್ಲ. ಆಮೇಲೆ ಸ್ಟೀಲ್ ತಾಟಿನ ಮೇಲೆ ಹುಣಸೆ ಪಿಕ್ಕಗಳು ಚೆಲ್ಲಿದ ಸದ್ದು ಸ್ಪಷ್ಟವಾಗಿ ಕೇಳಿತು. "ಎಲ್ಲಾ ಬಿಳೀನ ಬಿದ್ದಾವಲೇ," ಅಂದಳು ದರೋಡೆಗಾರ್ತಿ. ವೈದ್ಯೆ ಉಳಿದಳು.

ಮಾರನೆಯ ದಿನ ತಂತ್ರಾಂಶವನ್ನು ತಿರುವಿಹಾಕುತ್ತಿದ್ದಾಗ ನನಗೆ ಒಂದು ಸಣ್ಣ ಚೌಕ ಸಿಕ್ಕಿತು. ಪ್ರತಿ ಬಿಲ್ಲೆಯ ಕೈಗೂ ದೀಪ ಕೊಡಬೇಕು, ಅಂದರೆ ಆ ಚೌಕಕ್ಕೆ ಗುರುತು ಹಾಕಬೇಕು, ಆಗಲೇ ಆಡುವವರಿಗೆ ಸುತ್ತಲಿನ ನಕ್ಷೆ ಕಾಣುವುದು. ನಾನು ಹಾಕಿರಲಿಲ್ಲ. ಟಿಸಿ ಸುಟ್ಟದ್ದೂ ಅಲ್ಲ, ನಟನೆಯೂ ಅಲ್ಲ. ಅವರಿಬ್ಬರೂ ಮೊದಲಿನಿಂದ ಕೊನೆಯವರೆಗೆ ಬರೀ ಕಪ್ಪು ಪರದೆ ನೋಡುತ್ತ ಆಡಿದ್ದರು. ನಾನೊಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಗಂಗಾವತಿಗೆ ಫೋನ್ ಹಚ್ಚಿ ಇದ್ದದ್ದನ್ನು ಹೇಳಿದೆ.

"ಬರೂ ಐತವಾರ ಇಬ್ಬರಿಗೂ ಒಂದೊಂದು ಕಂದೀಲು ಕೊಡತೀನಿ," ಅಂದೆ.

"ಬ್ಯಾಡ," ಅಂದಳು. ಪಿಸುಮಾತಲ್ಲ. ಅಡುಗೆಮನೆಯ ಪಾತ್ರೆಗಳ ಸದ್ದಿನ ಮೇಲೂ ಕೇಳುವ ಮಾತು. "ಬೆಳಕ ಕೊಟ್ರ ನಾ ಮತ್ತ ಟೈಪ್ ಮಾಡಕೊಂತ ಕುಂದ್ರತೀನಿ."

"ಅತ್ತಿಯವರು ಏನಂದ್ರು?"

"ನಿನ್ನೆಯಿಂದ ಮಾತು ಬಿಟ್ಟಾರ. ಬಿಡ್ಲಿ ತಗೋ. ಐತವಾರ ಮತ್ತ ಕೂಗತೀನಿ."

ಆ ಚೌಕಕ್ಕೆ ನಾನು ಇವತ್ತಿನವರೆಗೂ ಗುರುತು ಹಾಕಿಲ್ಲ.