ಚಳ್ಳಕೆರೆ ಅಕ್ಕನ ಕಂಬಳಿ

ಮೊಳಕಾಲ್ಮುರಿನ ನಮ್ಮ ಬೀದಿಯಲ್ಲಿ ಯರ್ರಮ್ಮನಷ್ಟು ಹಟದ ಹೆಂಗಸು ಇನ್ನೊಬ್ಬಳಿಲ್ಲ. ಮಗ್ಗದ ಮನೆಗಳಿಗೆ ರೇಷ್ಮೆ ನೂಲು ಸುತ್ತಿಕೊಟ್ಟು ಮಗ ಅಂಜಿನೇಯನನ್ನು ಸಾಕಿ, ಅವನಿಗೊಂದು ಸೀರೆ ಅಂಗಡಿಯನ್ನೂ ಹಾಕಿಕೊಟ್ಟವಳು. ವರ್ಷವಿಡೀ ದುಡಿಯುವವಳಿಗೆ ಇದ್ದದ್ದು ಒಂದೇ ಚಪಲ: ಸಂಕ್ರಾಂತಿ ಕಳೆದ ಮೊದಲ ಸೋಮವಾರ ಹೊರಡುತ್ತಿದ್ದ ದುರುಗಣ್ಣನ ಟೂರ್ ಬಸ್ಸು. ಶೃಂಗೇರಿ, ಧರ್ಮಸ್ಥಳ, ಮುರುಡೇಶ್ವರದ ಸಮುದ್ರ, ಮತ್ತೆ ಊರು.

ದೇವರಿಗಾಗಿ ಹೋಗುತ್ತಿದ್ದಳು ಎಂದರೆ ನಾನಂತೂ ನಂಬುವುದಿಲ್ಲ. ಅವಳು ಹೋಗುತ್ತಿದ್ದದ್ದು ಪಕ್ಕದ ಸೀಟಿಗಾಗಿ. ಬಸ್ಸು ಊರು ಬಿಟ್ಟೊಡನೆ ಆ ಸೀಟಿನ ಮೇಲೆ ತನ್ನ ಚೀಲ ಇಟ್ಟು, ಕೂರಲು ಬಂದವರನ್ನೆಲ್ಲ ಜನ ಬರ್ತಾರೆ ಎಂದು ಓಡಿಸುತ್ತಿದ್ದಳು. ಚಳ್ಳಕೆರೆಯ ಪೆಟ್ರೋಲ್ ಬಂಕಿನ ಮುಂದೆ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಹಿಡಿದು ಒಬ್ಬ ಹೆಂಗಸು ಹತ್ತುವಳು. ಅಲ್ಲಿಂದ ಇಬ್ಬರ ಬಾಯಿಗೂ ಬಿಡುವಿಲ್ಲ. ಸೊಸೆಯಂದಿರ ಸಿಡುಕು, ಮಂಡಿನೋವು, ಯರ್ರಮ್ಮನ ಕುಡಿದು ಸತ್ತ ಗಂಡ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಉಳಿದದ್ದೇ ಇಲ್ಲ, ಹೆಸರೊಂದನ್ನು ಬಿಟ್ಟು. ಇವಳು ಅಕ್ಕಾ ಎನ್ನುತ್ತಿದ್ದಳು, ಅವಳು ತಂಗಿ ಎನ್ನುತ್ತಿದ್ದಳು. ಆಕೆಯ ಗಂಡ ಬರೀ ‘ನಮ್ಮನೆಯವ್ರು’, ಮಗ ಬರೀ ‘ನಮ್ ಹುಡುಗ’. ಒಂದು ಸಲ ಅಕ್ಕ ಎಂದ ಮೇಲೆ ಹೆಸರು ಕೇಳುವುದು ನಮ್ಮ ಕಡೆ ಅಷ್ಟು ಚೆನ್ನಾಗಿಯೂ ಕಾಣುವುದಿಲ್ಲ. ಪ್ರತಿ ವರ್ಷ ಅದೇ ಸೋಮವಾರ, ಅದೇ ಬಂಕು. ಫೋನ್ ನಂಬರಿನ ಅಗತ್ಯವೂ ಬೀಳಲಿಲ್ಲ.

ಕೊರೊನಾ ಬರುವ ಮುಂಚಿನ ಕೊನೆಯ ಟೂರಿನಲ್ಲಿ, ವಾಪಸ್ ಬರುವಾಗ ಯರ್ರಮ್ಮನಿಗೆ ಚಳಿಜ್ವರ ಬಂತು. ಅಕ್ಕ ತನ್ನ ಕರಿಕಂಬಳಿ ಹೊದಿಸಿ ದಾರಿಯುದ್ದಕ್ಕೂ ತೋಳಿಗೊರಗಿಸಿಕೊಂಡು ಬಂದಳು. ಚಳ್ಳಕೆರೆಯಲ್ಲಿ ಇಳಿಯುವಾಗ ಕಂಬಳಿ ತೆಗೆಯಲು ಬಿಡಲಿಲ್ಲ.

"ಹೊದ್ಕಂಡೇ ಹೋಗು ತಂಗಿ. ಬರೋ ವರ್ಷ ಕೊಟ್ರಾತು."

ಆ ಬರೋ ವರ್ಷ ಬರಲೇ ಇಲ್ಲ. ನಿಂತಲ್ಲೇ ತುಕ್ಕು ಹಿಡಿಯುತ್ತಿದ್ದ ಬಸ್ಸನ್ನು ದುರುಗಣ್ಣ ಮಾರಿಬಿಟ್ಟ. ರೋಗ ಹೋಯಿತು, ಆದರೆ ಗುರುತಿಲ್ಲದವರ ಪಕ್ಕ ಕೂತು ಊರು ಸುತ್ತುವ ಮನಸ್ಸು ಜನಕ್ಕೆ ಮತ್ತೆ ಬರಲಿಲ್ಲ. ಅಂಜಿನೇಯ ಹಳೇ ಕಾರೊಂದನ್ನು ಕೊಂಡ. ಈಗ ನಮ್ಮ ಬೀದಿಯವರ ಪ್ರವಾಸವೆಂದರೆ ತಮ್ಮ ಮನೆಯವರು ಮಾತ್ರ, ಶನಿವಾರ ಹೊರಟು ಭಾನುವಾರ ವಾಪಸ್ಸು, ಹೋಂಸ್ಟೇ, ಈಜುಕೊಳ. ಒಮ್ಮೆ ಯರ್ರಮ್ಮನನ್ನೂ ಕರೆದೊಯ್ದಿದ್ದರು. ಕೊಳದ ದಂಡೆಯಲ್ಲಿ ಸುಮ್ಮನೆ ಕೂತು ಬಂದವಳು, ನಮ್ಮನೆ ಮಂದಿಯ ಮುಖ ನೋಡುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು ಎಂದು ಕೇಳಿದಳು. ತಪ್ಪೇನಿದೆ ಹೇಳಿ.

ದುರುಗಣ್ಣನನ್ನು ವಿಚಾರಿಸಿದರೆ ಅವನಿಗೂ ಆಕೆ ಬರೀ ಚಳ್ಳಕೆರೆ ಅಕ್ಕ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಯರ್ರಮ್ಮ ಸಂಕ್ರಾಂತಿ ಕಳೆದ ಸೋಮವಾರ ಕಂಬಳಿ ಹೊತ್ತುಕೊಂಡು ಬಂಕಿನ ಮುಂದೆ ಹೋಗಿ ಕೂರತೊಡಗಿದಳು. ಅಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಮೌಲಾ ಸಾಬ್ ಹೆಸರು ಕೇಳಿದ. ಗೊತ್ತಿಲ್ಲ. ಗಂಡನ ಹೆಸರು ಕೇಳಿದ. ಅದೂ ಗೊತ್ತಿಲ್ಲ. ಏನಾದರೂ ಗುರುತು ಹೇಳಿ ಎಂದಾಗ, ಮಂಡಿನೋವು, ಮುಂದಿನ ಹಲ್ಲೊಂದು ಬಿದ್ದಿದೆ ಎಂದಳು. ಅಂಥವರು ಊರು ತುಂಬಾ ಇದ್ದಾರೆ ಎನ್ನುತ್ತ ಅವನು ಸ್ಟೂಲು ಹಾಕಿ ಚಹಾ ತರಿಸಿದ. ಸಂಜೆಯವರೆಗೆ ಕಾದು ಬಂದಳು.

ಕೊರೊನಾದಲ್ಲಿ ಆ ಅಕ್ಕನಿಗೆ ಏನಾಯಿತೋ ಏನೋ ಎಂದು ಸೊಸೆ ರಶ್ಮಿತಾ ಒಮ್ಮೆ ಬಾಯಿ ತೆಗೆದದ್ದಕ್ಕೆ ಅತ್ತೆ ಅವಳ ಜೊತೆ ಮಾತೇ ಬಿಟ್ಟಿದ್ದಳು. ಆ ಭಯ ಯರ್ರಮ್ಮನಿಗೂ ಇತ್ತು. ಬಿಸಿಲಿಗೆ ಕಂಬಳಿ ಹರವುವಾಗ ಅವಳ ಕಣ್ಣು ತುಂಬಿದ್ದನ್ನು ನಾನೇ ನೋಡಿದ್ದೇನೆ.

ಈ ವರ್ಷ ಅದೇ ಸೋಮವಾರ ಅಂಜಿನೇಯ ತಾಯಿಯನ್ನೂ ಹೆಂಡತಿಯನ್ನೂ ಕಾರಿನಲ್ಲಿ ಸಮುದ್ರಕ್ಕೆ ಕರೆದುಕೊಂಡು ಹೊರಟ. ಮುಂದಿನದನ್ನು ನನಗೆ ಹೇಳಿದವಳು ರಶ್ಮಿತಾ. ಹಿಂದಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ಕಂಬಳಿ. ಡಿಕ್ಕಿಗೆ ಹಾಕೋಣ ಎಂದರೆ ಕೇಳಲಿಲ್ಲವಂತೆ. ಚಳ್ಳಕೆರೆಗಿಂತ ಮೊದಲು ಸಿಗುವ ತಳಕು ದಾಟಿ ಬಹಳ ಹೊತ್ತಾದರೂ ಬಂಕು ಕಾಣದಿದ್ದಾಗ, ಚಳ್ಳಕೆರೆ ಇನ್ನೂ ಬರಲಿಲ್ಲವೇ ಎಂದು ಕೇಳಿದಳು.

"ಆಗ್ಲೇ ಹಿಂದಾತು ಕಣವ್ವಾ. ಬೈಪಾಸ್‌ನಾಗೆ ಬಂದ್ವಿ."

"ತಿರುಗ್ಸು."

ಗೊಣಗಿಕೊಂಡೇ ತಿರುಗಿಸಿದ. ಬಂಕಿನ ಮುಂದೆ ಯಾರೂ ಕಾಯುತ್ತಿರಲಿಲ್ಲ. ಯರ್ರಮ್ಮ ಕಂಬಳಿ ಹಿಡಿದು ಇಳಿದು, ರಸ್ತೆಯ ಎರಡೂ ಕಡೆ ನೋಡುತ್ತ ನಿಂತಳು. ಮೌಲಾ ಸಾಬ್‌ಗೆ ಅಯ್ಯೋ ಅನ್ನಿಸಿರಬೇಕು. ಕಂಬಳಿ ತನ್ನ ಅಂಗಡಿಯಲ್ಲೇ ಇರಲಿ, ಆಕೆ ಬಂದರೆ ತಾನೇ ಕೊಡುತ್ತೇನೆ ಎಂದ. ಅಂಜಿನೇಯನಿಗೂ ಅದೇ ಸರಿ ಕಂಡಿತು. ಯರ್ರಮ್ಮ ಕಂಬಳಿಯನ್ನು ಎದೆಗವಚಿಕೊಂಡಳು.

"ಇದನ್ನ ಬಿಟ್ಟೋದ್ರೆ, ಬರೋ ವರ್ಷ ಯಾವ ನೆಪ ಹೇಳ್ಕಂಡು ಬರ್ಲಿ ಸಾಬ್ರೇ?"

ಕಾರಿನ ಬಾಗಿಲವರೆಗೆ ಹೋದವಳು ಏನೋ ಹೊಳೆದಂತೆ ತಿರುಗಿ ಬಂದಳು. ಅಕ್ಕನೂ ಎಲ್ಲಾದರೂ ಹೀಗೇ ಯಾರದೋ ಅಂಗಡಿಯ ಮುಂದೆ, ಕೇಳಿದವರಿಗೆ ತಂಗಿಯ ಹೆಸರು ಹೇಳಲಾಗದೆ ನಿಂತಿದ್ದರೆ?

"ಮೊಳಕಾಲ್ಮುರು ತಂಗಿನ ಯಾರಾನ ಕೇಳ್ಕಂಡು ಬಂದ್ರೆ," ಎಂದಳು, "ಅವಳ ಹೆಸ್ರು ಯರ್ರಮ್ಮ ಅಂತ ಹೇಳ್ರಿ."